ನೀವು ಸುಮ್ಮನೆ ಕೂತಿರಿ

ಜಪಾನಿನ ಕವಾಸಾಕಿಯಲ್ಲಿ ನಮ್ಮ ಮನೆಯ ಹಿಂದಿರುವ ಪಾರ್ಕಿನಲ್ಲಿ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಪಿಯಾನೊ ಕೇಳಿಸುತ್ತದೆ. ಬೆಂಚಿನ ಮೇಲೆ ಹಳೆಯ ರೇಡಿಯೊ ಇಟ್ಟುಕೊಂಡು ಹದಿನೈದು ಇಪ್ಪತ್ತು ಮಂದಿ ಅಜ್ಜ ಅಜ್ಜಿಯರು ಕೈ ಬೀಸುತ್ತಾರೆ, ಸೊಂಟ ತಿರುಗಿಸುತ್ತಾರೆ, ಆಗುವವರು ಕುಪ್ಪಳಿಸುತ್ತಾರೆ. ‘ರಾಜಿಯೊ ತೈಸೊ’ ಎಂಬ ಈ ರೇಡಿಯೊ ವ್ಯಾಯಾಮ ಶುರುವಾದದ್ದು 1928ರಲ್ಲಿ. ಯುದ್ಧದ ನಂತರ ಕೆಲಕಾಲ ನಿಂತು, 1951ರಿಂದ ಈಗಿನ ರೂಪದಲ್ಲಿ ನಡೆಯುತ್ತಿದೆ. ಹತ್ತು ನಿಮಿಷಕ್ಕೆ ಮುಗಿದೇಹೋಗುತ್ತದೆ. ಆದರೆ ಯಾರೂ ಮನೆಗೆ ಹೊರಡುವುದಿಲ್ಲ. ನಿನ್ನೆ ಬಾರದವರು ಯಾಕೆ ಬರಲಿಲ್ಲ, ಯಾರ ಮೊಣಕಾಲು ಹೇಗಿದೆ ಎಂಬ ವಿಚಾರಣೆ ಇನ್ನರ್ಧ ಗಂಟೆ ನಡೆಯುತ್ತದೆ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ವ್ಯಾಯಾಮಕ್ಕಿಂತ ಆ ವಿಚಾರಣೆಯೇ ದೊಡ್ಡ ಮದ್ದು ಎಂದು ನನ್ನ ಗುಮಾನಿ.

ಆ ಗುಂಪಿನಲ್ಲಿ ಎಂಬತ್ತು ದಾಟಿದ ಒಬ್ಬರು ವ್ಯಾಯಾಮ ಮುಗಿಸಿ, ಮೇಲಂಗಿ ತೊಟ್ಟು, ರೈಲು ನಿಲ್ದಾಣದ ಸೈಕಲ್ ಸ್ಟ್ಯಾಂಡಿಗೆ ಹೋಗುತ್ತಾರೆ. ಅರವತ್ತು ದಾಟಿದವರಿಗೆ ಸಣ್ಣಪುಟ್ಟ ಕೆಲಸ ಹಂಚುವ ‘ಸಿಲ್ವರ್’ ಕೇಂದ್ರಗಳು ಇಲ್ಲಿ ಊರೂರಲ್ಲಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆ ಅವರದು ಸೈಕಲ್ ಜೋಡಿಸುವ ಕೆಲಸ. ಒಮ್ಮೆ ನಾನು ನಮ್ಮ ಕಡೆಯ ಉಪಚಾರದಲ್ಲಿ, “ಈ ವಯಸ್ಸಿನಲ್ಲಿ ಯಾಕೆ ಕಷ್ಟ, ಆರಾಮವಾಗಿ ಇರಬಹುದಲ್ಲ” ಎಂದೆ. ಅವರು ನನ್ನ ಮುಖವನ್ನೇ ನೋಡಿ, “ಆರಾಮವಾಗಿದ್ದುಕೊಂಡು ಏನು ಮಾಡಲಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಮನೆಯಲ್ಲಿಯೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಶಿವಮೊಗ್ಗದ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ಅಣ್ಣನ ಫ್ಲ್ಯಾಟಿಗೆ ಬಂದರು. ಅಣ್ಣ ಅತ್ತಿಗೆ ಚಿನ್ನದಂಥವರು. ತಪ್ಪು ಅಲ್ಲೇ ಇತ್ತು. ಅಮ್ಮ ಪೊರಕೆ ಹಿಡಿದರೆ, “ನೀವು ಸುಮ್ಮನೆ ಕೂತಿರಿ ಅತ್ತೆ.” ಒಲೆಯ ಮುಂದೆ ನಿಂತರೆ, “ಕೂತಿರಿ ಅತ್ತೆ, ಅಡುಗೆಯವಳು ಬರುತ್ತಾಳೆ.” ನೆಲದ ಮೇಲೆ ಕೂತು ಹೂಬತ್ತಿ ಹೊಸೆಯಲು ಹೊರಟರೆ ಕುರ್ಚಿ ಬಂತು, ಮರುವಾರ ಪ್ಯಾಕೆಟ್ಟಿನ ಬತ್ತಿಯೂ ಬಂತು. ನಾನೂ ಸಾಧು ಅಲ್ಲ, ಫೋನಿನಲ್ಲಿ ಹೇಳುತ್ತಿದ್ದದ್ದು ಅದನ್ನೇ: “ರೆಸ್ಟ್ ತೆಗೆದುಕೊಳ್ಳಿ ಅಮ್ಮ.” ಎರಡು ವರ್ಷವಾಗುವಷ್ಟರಲ್ಲಿ ಅಮ್ಮನಿಗೆ ನೆಲದಿಂದ ಏಳಲು ಇಬ್ಬರು ಬೇಕಾದರು. ರಾತ್ರಿ ನಿದ್ದೆ ಇಲ್ಲ, ಹಗಲು ಮಾತಿಲ್ಲ. ಮಾತ್ರೆ ನುಂಗಿದ್ದು ಮರೆತು ಇನ್ನೊಮ್ಮೆ ನುಂಗಿದರು. ನೆಂಟರು ಒಂದೇ ಮಾತಿನಲ್ಲಿ ಮುಗಿಸಿದರು: ವಯಸ್ಸಾಯಿತಲ್ಲ, ಅರಳುಮರಳು.

‘ಅರವತ್ತಕ್ಕೆ ಅರಳುಮರಳು’ ಎಂದು ಗಾದೆ ಕಟ್ಟಿದವರು ನಾವು. ಕೇಳಲು ಚೆನ್ನಾಗಿದೆ, ಪ್ರಾಸವೂ ಇದೆ. ಆದರೆ ಆ ಗಾದೆಯ ಹಿಂದೆ ಎಷ್ಟು ಕಾಯಿಲೆಗಳು ಅವಿತು ಕೂತಿವೆಯೋ! ಕೊನೆಗೆ ಅಣ್ಣ ಅಮ್ಮನನ್ನು ವೈದ್ಯರ ಬಳಿಗೆ ಕರೆದೊಯ್ದ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಬಿ12 ತಳ ಮುಟ್ಟಿತ್ತು. ಮೊಟ್ಟೆ ಮಾಂಸ ತಿನ್ನದ, ಹಾಲು ಮೊಸರನ್ನೂ ಕಡಿಮೆ ಮಾಡಿಕೊಂಡ ನಮ್ಮ ಹಿರಿಯರಲ್ಲಿ ಇದು ಸಾಮಾನ್ಯವಂತೆ. ಮರೆವು, ಕಾಲು ಜುಮ್ಮೆನ್ನುವುದು ಎಲ್ಲ ಅದರಿಂದಲೂ ಬರಬಹುದು. ಥೈರಾಯ್ಡ್ ಕೈಕೊಟ್ಟರೂ, ಕಿವಿ ಮಂದವಾದರೂ ಹೊರಗಿನವರಿಗೆ ಕಾಣುವುದು ಮರೆವೇ. ಅದಕ್ಕಿಂತ ಹೆಚ್ಚಾಗಿ ಅಮ್ಮನಿಗಿದ್ದದ್ದು ಖಿನ್ನತೆ. ಮುದುಕರ ಖಿನ್ನತೆ ಕಣ್ಣೀರಾಗಿ ಬರುವುದು ಕಡಿಮೆ. ಊಟ ಸೇರದೆ, ಸೊಂಟ ನೋವಾಗಿ, ಮಂಕಾಗಿ ಬರುತ್ತದೆ. ಇವು ಯಾವುವೂ ಮುಪ್ಪಲ್ಲ, ಮದ್ದಿರುವ ಕಾಯಿಲೆಗಳು.

ಜಪಾನಿನಲ್ಲಿಯೂ ಮರೆವಿನ ಕಾಯಿಲೆಯನ್ನು ‘ಚಿಹೋ’ ಎನ್ನುತ್ತಿದ್ದರು. ದಡ್ಡತನ, ಪೆದ್ದುತನ ಎನ್ನುವ ಅಕ್ಷರಗಳಿಂದಲೇ ಆದ ಪದ. ಅವಮಾನಕ್ಕೆ ಹೆದರಿ ಜನ ಆಸ್ಪತ್ರೆಗೇ ಬರುವುದಿಲ್ಲವೆಂದು 2004ರಲ್ಲಿ ಸರ್ಕಾರ ಆ ಪದವನ್ನು ಕೈಬಿಟ್ಟು ‘ನಿನ್ಚಿಶೋ’ ಎಂಬುದನ್ನು ತಂದಿತು, ಅರಿವಿನ ಕಾಯಿಲೆ ಎಂಬಂಥ ಅರ್ಥದಲ್ಲಿ. ನಮಗೂ ಇನ್ನೊಂದು ಪದ ಬೇಕು. ಡಿಮೆನ್ಷಿಯಾ ಎಂದರೆ ಎಷ್ಟು ಮನೆಗಳಲ್ಲಿ ಅರ್ಥವಾಗುತ್ತದೆ?

ಪದದ ಜೊತೆಗೆ ದುಡ್ಡೂ ಬೇಕು ಅನ್ನಿ. ನನಗೆ ನಲವತ್ತು ತುಂಬಿದ ತಿಂಗಳು ಸಂಬಳದ ಚೀಟಿಯಲ್ಲಿ ಹೊಸದೊಂದು ಕಡಿತ ಕಾಣಿಸಿತು. ಮುಪ್ಪಿನ ಆರೈಕೆಯ ವಿಮೆ, 2000ದಲ್ಲಿ ಜಾರಿಗೆ ಬಂದದ್ದು; ಪರದೇಶಿಗಳೂ ಕಟ್ಟಬೇಕು. ಗೊಣಗಿಕೊಂಡೇ ಕಟ್ಟಿದೆ. ನಮ್ಮ ಮನೆಯೊಡತಿಗೆ ಎಂಬತ್ತಾರು. ಆಕೆಯ ಮನೆಗೆ ಬಂದು ನಡೆದಾಟ, ನೆನಪು, ಸ್ನಾನ ಎಲ್ಲವನ್ನೂ ಅಳೆದು ಇಷ್ಟು ನೆರವು ಬೇಕೆಂದು ಗೊತ್ತುಮಾಡಿದರು. ವಾರಕ್ಕೆರಡು ಬಾರಿ ವ್ಯಾನು ಬಂದು ಆಕೆಯನ್ನು ಹಗಲು ಕೇಂದ್ರಕ್ಕೆ ಕರೆದೊಯ್ಯುತ್ತದೆ. ಖರ್ಚಿನಲ್ಲಿ ಹೆಚ್ಚಿನವರು ಕೊಡುವುದು ಹತ್ತರಲ್ಲೊಂದು ಪಾಲು. ಒಮ್ಮೆ ನೋಡಲು ಹೋಗಿದ್ದೆ. ಮನೆಯೊಡತಿ ಮೂಲಂಗಿ ಹೆಚ್ಚುತ್ತಿದ್ದರು, ನಿಜವಾದ ಚಾಕುವಿನಲ್ಲಿ, ನಡುಗುವ ಕೈಯಲ್ಲಿ. ಪಕ್ಕದಲ್ಲಿ ಹುಡುಗಿಯೊಬ್ಬಳು ಕೈ ಚಾಚದೆ ಕೂತಿದ್ದಳು. ಒಂದು ಮೂಲಂಗಿಗೆ ಇಪ್ಪತ್ತು ನಿಮಿಷ. ನಮ್ಮಲ್ಲಾಗಿದ್ದರೆ ಎರಡನೆಯ ನಿಮಿಷಕ್ಕೇ ಯಾರಾದರೂ ಚಾಕು ಕಿತ್ತುಕೊಳ್ಳುತ್ತಿದ್ದರು, ಪ್ರೀತಿಯಿಂದಲೇ.

ಇದನ್ನು ಓದಿ ಜಪಾನು ಸ್ವರ್ಗ ಎಂದುಕೊಳ್ಳಬೇಡಿ. ಪಿಂಚಣಿ ಸಾಲದೆ ದುಡಿಯುವ ಮುದುಕರು ಇಲ್ಲಿ ಬೇಕಾದಷ್ಟಿದ್ದಾರೆ. ಒಂಟಿ ಸಾವಿಗೆ ಈ ಭಾಷೆಯಲ್ಲಿ ‘ಕೊದೊಕುಶಿ’ ಎಂದು ಪದವೇ ಇದೆ. ಪೊಲೀಸರ ಲೆಕ್ಕದಂತೆ 2024ರಲ್ಲಿ ಒಬ್ಬರೇ ವಾಸಿಸುತ್ತ ಮನೆಯಲ್ಲಿಯೇ ಸತ್ತವರು 76 ಸಾವಿರ. ಅವರಲ್ಲಿ ನಾಲ್ವರಲ್ಲಿ ಮೂವರು 65 ದಾಟಿದವರು. ನಮ್ಮ ಓಣಿಯ ಒಂದು ಮನೆಯ ಮುಂದೆ ಪತ್ರಿಕೆಗಳ ರಾಶಿ ಬೆಳೆಯುತ್ತಿದ್ದುದನ್ನು ನಾನೂ ಕಂಡು ಸುಮ್ಮನೆ ದಾಟಿ ಹೋದವನೇ. ಶಿವಮೊಗ್ಗದಲ್ಲಿ ಅದು ಎರಡನೆಯ ದಿನಕ್ಕೆ ಸಾಧ್ಯವಿರಲಿಲ್ಲ. ಹಾಲಿನವನೇ ಬಾಗಿಲು ಬಡಿಯುತ್ತಿದ್ದ. ಇನ್ನೊಂದು ಮಾತು: ಸುಮ್ಮನೆ ಕೂರಿಸುವ ಈ ರೋಗ ನಮ್ಮಲ್ಲಿ ಕೈಯಲ್ಲಿ ನಾಲ್ಕು ಕಾಸು ಇರುವ ಮನೆಗಳದು. ಎಪ್ಪತ್ತೈದರಲ್ಲೂ ಕಳೆ ಕೀಳುವ ಅಜ್ಜಿಗೆ ಹೋಗಿ ದುಡಿಮೆಯ ಮಹಿಮೆ ಹೇಳಿದರೆ ಕುಡುಗೋಲು ತೋರಿಸಿಯಾಳು. ಅವಳಿಗೆ ಬೇಕಾದದ್ದು ವಿಶ್ರಾಂತಿಯೇ.

ಬಿ12 ಸೂಜಿ, ಮನೋವೈದ್ಯರು ಕೊಟ್ಟ ಮಾತ್ರೆ, ದಿನಾ ಸಂಜೆ ಕೆಳಗಿನ ಕಟ್ಟೆಯಲ್ಲಿ ನಾಲ್ಕು ಜನರ ಹರಟೆ. ಅಮ್ಮ ಪೂರ್ತಿ ಮೊದಲಿನಂತಾಗಿಲ್ಲ. ಮಾತ್ರೆಯ ಡಬ್ಬಿಯನ್ನು ಈಗಲೂ ಅಣ್ಣನೇ ತುಂಬಿಡುತ್ತಾನೆ. ಅತ್ತಿಗೆಗೆ ಮೂಲಂಗಿಯ ಕಥೆ ಹೇಳಿದ್ದೆ, ಏನೂ ಅನ್ನಲಿಲ್ಲ. ಕಳೆದ ಅವರೆಕಾಯಿ ಕಾಲದಲ್ಲಿ ಒಂದು ರಾತ್ರಿ ವಿಡಿಯೊ ಕರೆ ಮಾಡಿದರೆ ಅಮ್ಮನ ಮುಂದೆ ನೆನೆಸಿದ ಕಾಳಿನ ದೊಡ್ಡ ಪಾತ್ರೆ. ಹಿತಕಿದ ಅವರೆಯ ಸಾರಿಗೆ ತಯಾರಿ. ಫೋನಿನತ್ತ ತಿರುಗಿಯೂ ನೋಡದೆ, “ಆಮೇಲೆ ಮಾಡು. ಇವಳಿಗೆ ಹಿತಕಲು ಬರುವುದಿಲ್ಲ, ಕಾಳೆಲ್ಲ ಒಡೆದು ಹಾಕುತ್ತಿದ್ದಾಳೆ” ಎಂದರು. ಆಮೇಲೆ ಎಂದರೆ ಎಷ್ಟು ಹೊತ್ತಿಗೆ ಎಂದು ಕೇಳುವಷ್ಟರಲ್ಲಿ ಅತ್ತಿಗೆ ಕರೆ ಕತ್ತರಿಸಿದರು. ಇಲ್ಲಿ ಆಗಲೇ ಹನ್ನೊಂದೂವರೆ.