ಶಾಲು ಅಂದರೆ ಮೊದಲು ಏನು ನೆನಪಾಗುತ್ತದೆ?

ದುಡ್ಡು ಮುಳುಗಿದರೆ ‘ಗೋವಿಂದ’. ಮೇಲಿನವರ ಕೈಲಿ ಬೈಸಿಕೊಂಡರೆ ‘ಮಂಗಳಾರತಿ’. ಮೋಸ ಹೋದರೆ ‘ಪಂಗನಾಮ’. ಮಾತು ಉದ್ದವಾದರೆ ‘ಏನಪ್ಪಾ ನಿನ್ನ ರಾಮಾಯಣ’. ಬೆನ್ನು ಬಿಡದೆ ಕಾಡುವವನು ‘ಶನಿ’. ಇವೆಲ್ಲ ದೇವಸ್ಥಾನದಿಂದ ಎದ್ದು ಬಂದು ಬಸ್‌ಸ್ಟ್ಯಾಂಡ್ ಸೇರಿಕೊಂಡ ಪದಗಳು. ನಾಸ್ತಿಕರು ತಂದಿಟ್ಟ ಮಾತುಗಳಲ್ಲ. ಬೆಳಿಗ್ಗೆ ವೆಂಕಟರಮಣನಿಗೆ ಕೈ ಮುಗಿದವರೇ ಮಧ್ಯಾಹ್ನ ‘ಚೀಟಿ ದುಡ್ಡು ಗೋವಿಂದ’ ಅನ್ನುತ್ತಾರೆ. ಯಾರಿಗೂ ನೋವಾಗುವುದಿಲ್ಲ, ಯಾರೂ ದೂರು ಕೊಡುವುದಿಲ್ಲ. ನಂಬಿಕೆ ಗಟ್ಟಿಯಿದ್ದಲ್ಲಿ ಮಾತ್ರ ಇಂಥ ಸಲಿಗೆ ಹುಟ್ಟುತ್ತದೆ ಅಂತ ನನಗನ್ನಿಸುತ್ತದೆ. ಕನ್ನಡದ ಈ ಗುಣ ನನಗೆ ತುಂಬಾ ಇಷ್ಟ.

ಅರ್ಜಿ, ವಕೀಲ, ಜಿಲ್ಲೆ, ತಾಲ್ಲೂಕು, ಹಾಜರಿ, ಖಾಲಿ. ಈ ಪದಗಳ ಬೇರು ಅರಬ್ಬಿಯಲ್ಲಿದೆ. ಪಾರಸಿ, ಉರ್ದು ದಾರಿಯಲ್ಲಿ ನಮ್ಮ ಕಡೆ ಬಂದವು. ಇವನ್ನು ಕೇಳಿದಾಗ ಯಾರ ತಲೆಗಾದರೂ ಧರ್ಮ ಬರುತ್ತದಾ? ತಾಲ್ಲೂಕು ಆಫೀಸು ಅಂದರೆ ಕ್ಯೂ ನೆನಪಾಗುತ್ತದೆ, ಪಹಣಿ ನೆನಪಾಗುತ್ತದೆ, ಪಕ್ಕದ ಜೆರಾಕ್ಸ್ ಅಂಗಡಿ ನೆನಪಾಗುತ್ತದೆ. ಅಷ್ಟೇ.

ಒಂದು ಪದ ಕೇಳಿದ ಕೂಡಲೇ ಇನ್ನೊಂದು ತಲೆಗೆ ಬರುತ್ತದಲ್ಲ, ಅದನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಅಳೆಯಲು ನೋಡಿದ್ದಾರೆ. 1879ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 75 ಪದಗಳ ಪಟ್ಟಿ ಮಾಡಿಕೊಂಡು, ಒಂದೊಂದನ್ನೇ ನೋಡುತ್ತಾ, ಏನೇನು ನೆನಪಾಗುತ್ತದೆ ಅಂತ ಗಡಿಯಾರ ಹಿಡಿದು ಬರೆದುಕೊಂಡ. ಬಂದ ನೆನಪುಗಳೇ ಮತ್ತೆ ಮತ್ತೆ ಬಂದವು, ಬಹಳಷ್ಟು ಹುಡುಗಾಟದ ವಯಸ್ಸಿನವು. ಆಮೇಲೆ ಜ್ಯೂರಿಕ್‌ನಲ್ಲಿ ಕಾರ್ಲ್ ಯೂಂಗ್ ಇದನ್ನೇ ಪರೀಕ್ಷೆಯಾಗಿ ಬೆಳೆಸಿದ. ನೀವು ಯಾವ ಪದ ಹೇಳಿದಿರಿ ಅನ್ನೋದರ ಜತೆಗೆ ಎಷ್ಟು ತಡವಾಗಿ ಹೇಳಿದಿರಿ ಅನ್ನೋದನ್ನೂ ಅವನು ಗಮನಿಸುತ್ತಿದ್ದ. ತಡವರಿಸಿದ ಕಡೆ ಒಳಗೇನೋ ಸಿಕ್ಕಿಕೊಂಡಿದೆ ಅಂತ ಅವನ ಲೆಕ್ಕ.

ನಾನೂ ಈ ಆಟ ಆಡುತ್ತಿರುತ್ತೇನೆ. ಗೆಳೆಯರ ಜತೆ, ಮನೆಯಲ್ಲಿ, ಸುಮ್ನೆ ಒಬ್ಬಳೇ ಇದ್ದಾಗಲೂ. ಆಡುತ್ತಾ ಆಡುತ್ತಾ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿದೆ. ಧರ್ಮ ನಮ್ಮ ಸಾರ್ವಜನಿಕ ಬದುಕಿನೊಳಗೆ ಎಷ್ಟು ಬಂದಿದೆ ಅಂತ ನೋಡಲು ಗುಡಿ, ಮಸೀದಿ, ಚರ್ಚು ಎಣಿಸಬೇಕಿಲ್ಲ. ಒಂದು ಪದ ಹೇಳಿ, ಅದರ ಹಿಂದೆ ಬರುವ ಎರಡನೇ ಪದ ಯಾವುದು ಅಂತ ನೋಡಿದರೆ ಸಾಕು.

ಶಾಲನ್ನೇ ತಗೊಳ್ಳಿ. ಕರ್ನಾಟಕದಲ್ಲಿ ಶಾಲು ಅಂದರೆ ಸನ್ಮಾನ. ವೇದಿಕೆ, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಫೋಟೋ ಸರಿಯಾಗಿ ಬರಲಿ ಅಂತ ಇನ್ನೊಮ್ಮೆ ಹೊದಿಸುವುದು. 1980ರಲ್ಲಿ ರೈತ ಸಂಘ ಹುಟ್ಟಿತು, ಹಸಿರು ಶಾಲು ಬೀದಿಗೆ ಬಂತು. ದೇಶದ ಬೇರೆ ಕಡೆ ಹಸಿರು ಅಂದರೆ ಒಂದು ಧರ್ಮ ನೆನಪಾಗಬಹುದು. ನಮ್ಮಲ್ಲಿ ಹೆಗಲ ಮೇಲೆ ಹಸಿರು ಕಂಡರೆ ರೈತ. ಇದು ಸಣ್ಣ ಸಾಧನೆ ಅಲ್ಲ. ಒಂದು ಚಳವಳಿ ಒಂದು ಬಣ್ಣದ ಅರ್ಥವನ್ನೇ ಹಿಗ್ಗಿಸಿತು. ಹಳದಿ ಕೆಂಪು ಶಾಲು ಕಂಡರೆ ಕನ್ನಡ.

2022ರ ಫೆಬ್ರವರಿ ಬಂತು. ಕರಾವಳಿಯ ಕಾಲೇಜುಗಳಲ್ಲಿ ಹಿಜಾಬ್ ಬೇಡ ಅನ್ನುವ ಕೂಗಿನ ಜತೆ ಕೇಸರಿ ಶಾಲು ಬಂತು. ಚಿಕ್ಕಮಗಳೂರಿನಲ್ಲಿ ದಲಿತ ವಿದ್ಯಾರ್ಥಿಗಳು ಹಿಜಾಬ್ ತೊಟ್ಟ ಹುಡುಗಿಯರ ಪರವಾಗಿ ನೀಲಿ ಶಾಲು ಹಾಕಿ ನಿಂತರು. ಮಾರ್ಚ್ 15ಕ್ಕೆ ಹೈಕೋರ್ಟ್ ಸಮವಸ್ತ್ರದ ಬಗ್ಗೆ ಸರ್ಕಾರ ಹೊರಡಿಸಿದ್ದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಅದರ ನಡುವೆ ಪಿಯುಸಿ ಓದುವ ವಯಸ್ಸಿನ ಎಷ್ಟೋ ಮಕ್ಕಳ ತಲೆಯಲ್ಲಿ ಶಾಲು ಅನ್ನುವ ಪದಕ್ಕೆ ಹೊಸ ಜೋಡಿ ಸಿಕ್ಕಿತು: ಗೇಟು, ಪೊಲೀಸ್ ವ್ಯಾನು, ಟಿವಿ ಮೈಕು. ಗಾಲ್ಟನ್‌ಗೆ ಬಂದದ್ದು ಬಾಲ್ಯದ ನೆನಪುಗಳು ಅಂದೆನಲ್ಲ, ನನಗೆ ಅದೇ ಚಿಂತೆ. ಆ ವಯಸ್ಸಿನಲ್ಲಿ ಅಂಟಿದ್ದು ಸುಲಭವಾಗಿ ಬಿಡುವುದಿಲ್ಲ.

ಹಾಗಂತ ಧರ್ಮದ ನೆನಪು ಬಂದ ಕೂಡಲೇ ಪದ ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಮಠ ಅನ್ನಿ. ತುಮಕೂರು ಕಡೆಯ ಹಳೆಯ ತಲೆಮಾರಿಗೆ ಮೊದಲು ಬರುವ ಪದ ಊಟ. ಆಮೇಲೆ ಹಾಸ್ಟೆಲು, ಬೆಳಗಿನ ಪ್ರಾರ್ಥನೆ, ಸಿದ್ಧಗಂಗೆಯ ದೊಡ್ಡ ಒಲೆ. 2019ರಲ್ಲಿ ತಮ್ಮ 111ನೇ ವಯಸ್ಸಿನಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಗಳು ಅನ್ನ, ಅಕ್ಷರ, ಆಶ್ರಯ ಮೂರನ್ನೂ ಬಡ ಮಕ್ಕಳಿಗೆ ಕೊಟ್ಟಿದ್ದರಿಂದ ಆ ಪದಕ್ಕೆ ಆ ನೆನಪು ಬಂತು. ಚುನಾವಣೆ ವರದಿ ಮಾಡುವವರನ್ನು ಕೇಳಿ, ಮಠ ಅಂದರೆ ಟಿಕೆಟ್ಟು, ಮಂತ್ರಿಗಿರಿ, ಸಮುದಾಯದ ವೋಟು ಅನ್ನುತ್ತಾರೆ. ಎರಡೂ ನಿಜವೇ. ಎರಡೂ ಸಾರ್ವಜನಿಕ ಬದುಕಿನ ಮೇಲೆ ಧರ್ಮದ ಪ್ರಭಾವವೇ. ಆದರೆ ಒಂದು ಹೊಟ್ಟೆ ತುಂಬಿಸಿತು, ಇನ್ನೊಂದು ಪಟ್ಟಿ ತುಂಬಿಸಿತು.

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪದ ಹುಲಿವೇಷ. ಮಂಗಳೂರಿನವರಿಗೆ ಅದು ನವರಾತ್ರಿ, ತಾಸೆ ವಾದ್ಯದ ಪೆಟ್ಟು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹುಲಿವೇಷ ಅಂದರೆ ಮೊಹರಂ. ಅಲ್ಲಿ ಅಲಾಯಿ ಹಬ್ಬ ಅಂತಾರೆ. ಅಲಾಯಿ ಕುಣಿಯಲ್ಲಿ ಬೆಂಕಿ, ಹಸ್ತದ ಆಕಾರದ ಪಂಜಾ ಹೊತ್ತವರು, ಹೆಜ್ಜೆ ಕುಣಿತ, ರಿವಾಯತ್ ಅನ್ನುವ ಮೊಹರಂ ಹಾಡು. ಹರಕೆ ಹೊತ್ತು ಹುಲಿಯಾಗುವವರಲ್ಲಿ ಹಿಂದೂಗಳೂ ಇರುತ್ತಾರೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಈ ಹಬ್ಬ ಆಗುತ್ತದೆ. ಅದೇ ಹುಲಿ, ಅದೇ ಬಣ್ಣದ ಪಟ್ಟೆ. ಕೇಳಿದವರ ಊರಿನ ಮೇಲೆ ಎರಡನೇ ಪದ ಬದಲಾಗುತ್ತದೆ. ಮಂಗಳೂರಿನ ಹುಡುಗನೊಬ್ಬ ರಾಯಚೂರಿನ ಮುದಗಲ್‌ಗೆ ಹೋಗಿ ಒಮ್ಮೆ ಮೊಹರಂ ನೋಡಿ ಬಂದರೆ, ಅವನಿಗೆ ಆ ಪದದ ಹಿಂದೆ ಎರಡು ಹಬ್ಬ ಬರುತ್ತವೆ.

ಇದಕ್ಕೆ ತೀರಾ ಉಲ್ಟಾ ‘ಕೋಮು’. ಮೂಲದಲ್ಲಿ ಅದರ ಅರ್ಥ ಜನ, ಸಮುದಾಯ. ಇವತ್ತು ಯಾರನ್ನಾದರೂ ಕೇಳಿ, ‘ಕೋಮು’ ಅಂದರೆ ಅರೆಗಳಿಗೆಯೂ ತಡವಿಲ್ಲದೆ ‘ಗಲಭೆ’ ಅನ್ನುತ್ತಾರೆ. ‘ಅನ್ಯಕೋಮಿನ ಯುವಕ’ ಅಂತ ಹೆಡ್ಡಿಂಗ್ ಬಂದರೆ ಇನ್ನೂ ಕಷ್ಟ. ಆ ಎರಡು ಪದ ಓದುವಷ್ಟರಲ್ಲಿ ತಪ್ಪು ಯಾರದ್ದು ಅಂತ ತೀರ್ಮಾನ ಆಗಿರುತ್ತದೆ. ಒಳಗೆ ಇರುವುದು ಒಬ್ಬ ಹುಡುಗ, ಒಬ್ಬ ಹುಡುಗಿ, ಒಂದು ಬಸ್ಸು ಅಷ್ಟೇ ಇರಬಹುದು. ಯಾರಿಗೆ ಅನ್ಯ? ಹೆಡ್ಡಿಂಗ್ ಬರೆದವರು ಓದುಗರೆಲ್ಲ ಒಂದೇ ಧರ್ಮದವರು ಅಂತ ಅಂದುಕೊಂಡಾಗಿದೆ. ಅದೇ ಪೇಪರನ್ನು ದುಡ್ಡು ಕೊಟ್ಟು ತರಿಸುವ ಆ ‘ಅನ್ಯ’ ಮನೆಯವರಿಗೆ ಬೆಳಿಗ್ಗೆ ಕಾಫಿ ಜತೆ ಅದನ್ನು ಓದುವಾಗ ಹೇಗನ್ನಿಸಬಹುದು?

ಹೀಗೆ ತಲೆಗೆ ಬರುವ ಎರಡನೇ ಪದಕ್ಕೆ ಕಾನೂನು ಕೈ ಹಾಕಲು ಆಗುವುದಿಲ್ಲ. ಜನಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಧರ್ಮದ ಹೆಸರಲ್ಲಿ ವೋಟು ಕೇಳುವುದು ಚುನಾವಣಾ ಭ್ರಷ್ಟಾಚಾರ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ವರ ಬಹುಮತದಿಂದ, ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪೇ ಅಂತ ಹೇಳಿತು. ಅದಕ್ಕೂ ಮೊದಲು, 1994ರಲ್ಲಿ, ನಮ್ಮದೇ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಕೇಸಿನಲ್ಲಿ ಸರ್ಕಾರಕ್ಕೆ ಧರ್ಮ ಇರಬಾರದು ಅನ್ನುವುದು ಸಂವಿಧಾನದ ಮೂಲ ರಚನೆಯ ಭಾಗ ಅಂತ ತೀರ್ಪಾಗಿತ್ತು. ಇವು ದೊಡ್ಡ ತೀರ್ಪುಗಳು, ನನಗೆ ಇವುಗಳ ಮೇಲೆ ಗೌರವ ಇದೆ. ಆದರೆ ಭಾಷಣಕಾರ ಧರ್ಮದ ಹೆಸರೇ ಎತ್ತದೆ ಮೈಕಿನಲ್ಲಿ ‘ಅವರು’ ಅಂತಾನೆ. ಉಳಿದದ್ದನ್ನು ಕೇಳುವವರ ತಲೆಯೇ ಪೂರ್ತಿ ಮಾಡುತ್ತದೆ. ಅದಕ್ಕೆ ಯಾವ ಸೆಕ್ಷನ್ ಹಾಕುತ್ತೀರಿ?

ಹಾಗಾಗಿ ಪತ್ರಿಕೆ, ಟಿವಿ, ವೆಬ್‌ಸೈಟಿನ ಡೆಸ್ಕಿನಲ್ಲಿ ಕೂತಿರುವ ಗೆಳೆಯ ಗೆಳತಿಯರನ್ನು ನಾನು ನೇರವಾಗಿ ಕೇಳುತ್ತಿದ್ದೇನೆ. ‘ಅನ್ಯಕೋಮು’ ಅನ್ನುವ ಪದವನ್ನು ನಿಮ್ಮ ಸ್ಟೈಲ್ ಪಟ್ಟಿಯಿಂದ ತೆಗೆದುಹಾಕಿ. ಹೊಡೆದಾಟ ಆದರೆ ಯಾರು ಹೊಡೆದರು, ಎಲ್ಲಿ, ಯಾಕೆ, ಪೊಲೀಸರು ಏನು ಮಾಡಿದರು ಅಂತ ಬರೆಯಿರಿ. ಧರ್ಮವೇ ಜಗಳದ ಕಾರಣ ಆಗಿದ್ದರೆ ಅದನ್ನೂ ಹೆಸರಿಟ್ಟು ಬರೆಯಿರಿ. ಇಬ್ಬರು ಒಟ್ಟಿಗೆ ಬಸ್ಸಲ್ಲಿ ಹೋದರು ಅನ್ನುವುದಷ್ಟೇ ಇದ್ದರೆ, ಅದು ಸುದ್ದಿಯೇ ಅಲ್ಲ.