ಒಂದೆರಡು ಕಡೆ ಎಂಬ ಊರು

ಕರಾವಳಿಯ ಭೂಪಟದಲ್ಲಿ ಇಲ್ಲದ ಒಂದು ಊರಿದೆ. ಹೆಸರು ‘ಒಂದೆರಡು ಕಡೆ’. ಮಾರ್ಚ್‌ನಿಂದ ಮೇ ತನಕ ಜಿಲ್ಲೆಯಲ್ಲಿ ಏನೇ ಆಗುವುದಿದ್ದರೂ, ಹವಾಮಾನ ಮುನ್ಸೂಚನೆಯ ಪ್ರಕಾರ, ಅಲ್ಲಿಯೇ ಆಗುತ್ತದೆ. ಗುಡುಗುವುದು ಅಲ್ಲಿ, ಸಿಡಿಲು ಬಡಿಯುವುದು ಅಲ್ಲಿ, ಬಿರುಗಾಳಿಗೆ ಹೆಂಚು ಹಾರುವುದೂ ಅಲ್ಲಿ. ಏಪ್ರಿಲ್ ನಡುವೆ ಬರುವ ತುಳುವರ ಹೊಸವರ್ಷ ಬಿಸುವಿನ ವಾರವಿಡೀ ನಾನು ಆ ಊರನ್ನು ಹುಡುಕಿದೆ. ಹುಡುಕದೆ ವಿಧಿಯಿರಲಿಲ್ಲ, ದೊಡ್ಡಮ್ಮ ಮಾಡಿದ ನಾನೂರು ಹಲಸಿನ ಹಪ್ಪಳ ಅಂಗಳದ ಚಾಪೆಗಳ ಮೇಲಿದ್ದವು.

ಪಂಚಾಂಗದ ಪ್ರಕಾರ ಅದು ವಸಂತ ಋತು. ವಸಂತವೆಂದರೆ ಕೋಗಿಲೆ, ಮಾವಿನ ಚಿಗುರು, ಮಂದಮಾರುತ ಎಂದು ಬರೆದ ಕವಿಗಳು ಯಾರೂ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಹೋದವರಲ್ಲ. ನಮ್ಮಲ್ಲಿ ವಸಂತಕ್ಕೆ ಸೆಕೆ ಎಂದು ಹೆಸರು. ಉಷ್ಣಮಾಪಕ 34 ಎನ್ನುತ್ತದೆ, ಬೆನ್ನಿಗೆ ಅಂಟಿದ ಅಂಗಿ 42 ಎನ್ನುತ್ತದೆ. ಇದನ್ನು ಬಿಸಿಗಾಳಿ ಎಂದು ಕರೆಯುವಂತಿಲ್ಲ. ಕರಾವಳಿಯಲ್ಲಿ ಆ ಹೆಸರು ಸಿಗಬೇಕಾದರೆ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಅಲ್ಲಿಯ ತನಕ ಅದು ಬರಿಯ ‘ಬಿಸಿ ಮತ್ತು ಆರ್ದ್ರ ವಾತಾವರಣ’. ಅಂದರೆ ಬೆವರಬಹುದು, ದೂರುವಂತಿಲ್ಲ.

ಬಿಸುವಿನ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಣಿ ನೋಡಬೇಕೆಂಬುದು ರೂಢಿ. ಸೌತೆಕಾಯಿ, ತೆಂಗಿನಕಾಯಿ, ಹೂವು, ಕನ್ನಡಿ. ನಾನು ಮೊದಲು ನೋಡಿದ್ದು ಮೊಬೈಲನ್ನು. ಅದರಲ್ಲಿ ಮೂರೂ ಕರಾವಳಿ ಜಿಲ್ಲೆಗಳು ಕಣಿಯ ಸೌತೆಕಾಯಿಯಷ್ಟೇ ಹಳದಿಯಾಗಿದ್ದವು. ಯೆಲ್ಲೋ ಅಲರ್ಟ್. ಒಂದೇ ಹಳದಿಯಲ್ಲಿ ಎರಡು ಬುದ್ಧಿಮಾತು: ಮಧ್ಯಾಹ್ನದ ಬಿಸಿಲಿನಲ್ಲಿ ನೆರಳಿಗೆ ಸೇರಿಕೊಳ್ಳಿ, ಸಂಜೆ ಗುಡುಗಿದರೆ ಮರದ ಕೆಳಗೆ ನಿಲ್ಲಬೇಡಿ. ನಮ್ಮ ಊರಿನಲ್ಲಿ ನೆರಳು ಇರುವುದೇ ಮರದ ಕೆಳಗೆ. ಮನೆ ಇರುವುದೂ ಮರದ ಕೆಳಗೇ. ಮರ ಬಿಟ್ಟು ನಿಲ್ಲಬೇಕೆಂದರೆ ಕಡಲಿಗೆ ಇಳಿಯಬೇಕು, ಅದಕ್ಕೆ ಬೇರೆ ಎಚ್ಚರಿಕೆ ಇದೆ.

ಇಲ್ಲಿ ಹವಾಮಾನ ಇಲಾಖೆಯವರನ್ನು ಗೇಲಿ ಮಾಡುವುದು ಸುಲಭ. ನಾನು ಮಾಡುವುದಿಲ್ಲ. ಹಗಲಿಡೀ ಕಾದ ನೆಲದ ಕಡೆಗೆ ಕಡಲಿನ ಹಸಿಗಾಳಿ ನುಗ್ಗುತ್ತದೆ, ಘಟ್ಟ ಅದನ್ನು ಮೇಲಕ್ಕೆತ್ತುತ್ತದೆ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೂಡಣದಲ್ಲಿ ಮೋಡ ಗೋಪುರ ಕಟ್ಟುತ್ತದೆ. ಸುಳ್ಯ, ಬೆಳ್ತಂಗಡಿ, ಹೆಬ್ರಿಯ ಕಡೆ ಸುರಿದು, ಮನಸ್ಸಿದ್ದರೆ ಪಡುವಣಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಗುಡುಗನ್ನಷ್ಟೇ ಕಳುಹಿಸುತ್ತದೆ. ಯಾವ ಮೋಡ ಯಾರ ಅಂಗಳಕ್ಕೆ ಎಂದು ಹಿಂದಿನ ದಿನವೇ ಹೇಳಬಲ್ಲ ಯಂತ್ರ ಇನ್ನೂ ಹುಟ್ಟಿಲ್ಲ. ಆದ್ದರಿಂದ ಅವರು ‘ಒಂದೆರಡು ಕಡೆ’ ಎನ್ನುವುದರಲ್ಲಿ ಮೋಸವಿಲ್ಲ. ಅದಕ್ಕೊಂದು ಲೆಕ್ಕವೂ ಇದೆ. ನೂರು ಮಳೆ ಮಾಪನ ಕೇಂದ್ರಗಳಲ್ಲಿ 25ರ ತನಕ ನೆನೆದರೆ ಒಂದೆರಡು ಕಡೆ, 50ರ ತನಕ ಕೆಲವು ಕಡೆ, 75ರ ತನಕ ಹಲವು ಕಡೆ, ಅದರಾಚೆ ಬಹುತೇಕ ಕಡೆ. ಇಪ್ಪತ್ತೈದನ್ನು ಒಂದೆರಡು ಎನ್ನುವ ಈ ಉದಾರ ಗಣಿತವನ್ನು ನಾನು ಅದುವರೆಗೆ ಕಂಡದ್ದು, “ನಮ್ಮ ಕಡೆಯಿಂದ ಒಂದೆರಡು ಜನ ಬರುತ್ತಾರೆ” ಎಂದು ಹೇಳಿ ಎರಡು ಟೆಂಪೊ ತುಂಬ ಬಂದಿಳಿಯುವ ಬೀಗರಲ್ಲಿ ಮಾತ್ರ.

ಎಡವಟ್ಟು ಆದದ್ದು ಆಮೇಲೆ. ವಿಜ್ಞಾನಿಗಳು ತಮ್ಮ ಅನುಮಾನದ ಅಳತೆಗೆ ಹೊಲಿಸಿಕೊಂಡ ಅಂಗಿಯನ್ನು ಉಳಿದ ಕಚೇರಿಗಳು ಕಡ ತಂದು ತೊಟ್ಟುಕೊಂಡವು. ಸರಿಯಾಗಿ ಹಿಡಿಸಿಯೂ ಬಿಟ್ಟಿತು.

ಬಿಸುವಿನ ಮರುದಿನ ಇಪ್ಪತ್ತು ನಿಮಿಷ ಮಳೆ ಬಂತು. ಇಪ್ಪತ್ತೇ ನಿಮಿಷ. ಮೇಲ್ಸೇತುವೆಯ ಬುಡದಲ್ಲಿ ದ್ವಿಚಕ್ರ ವಾಹನಗಳು ಈಜಿದವು. ರಾತ್ರಿ ಬಂದ ಹೇಳಿಕೆ: “ಒಂದೆರಡು ಕಡೆ ನೀರು ನಿಂತಿದೆ. ಒಂದೆರಡು ಕಡೆ ಹೂಳೆತ್ತುವ ಕೆಲಸ ಬಾಕಿ ಇದೆ. ಒಂದೆರಡು ಕಡೆ ವಿದ್ಯುತ್ ವ್ಯತ್ಯಯವಾಗಿದೆ.” ನಾನು ಯೋಚಿಸಿದೆ. ಮೋಡ ಓಡಾಡುತ್ತದೆ, ಸರಿ. ಚರಂಡಿ ಓಡಾಡುತ್ತದೆಯೇ? ಕಳೆದ ವರ್ಷ ಎಲ್ಲಿ ಕಟ್ಟಿಕೊಂಡಿತ್ತೋ ಅದೇ ಜಾಗದಲ್ಲಿ, ಅದೇ ಸೀಯಾಳದ ಚಿಪ್ಪುಗಳ ಜೊತೆ ಅದು ನಿಯತ್ತಿನಿಂದ ಕಾದು ಕುಳಿತಿತ್ತು. ಅದರ ಮುನ್ಸೂಚನೆ ಕೊಡಲು ಉಪಗ್ರಹ ಬೇಡ, ಚಪ್ಪಲಿ ಹಾಕಿಕೊಂಡು ಹೋಗಿ ನೋಡಿದರೆ ಸಾಕು. ಆದರೆ ಹಳದಿ ಬಣ್ಣಕ್ಕೆ ‘ಗಮನಿಸುತ್ತಿರಿ’ ಎಂದು ಅರ್ಥವಂತೆ. ‘ಸಿದ್ಧರಾಗಿ’ ಎನ್ನಬೇಕಾದರೆ ಕಿತ್ತಳೆ ಆಗಬೇಕು, ‘ಕ್ರಮ ಕೈಗೊಳ್ಳಿ’ ಎನ್ನಬೇಕಾದರೆ ಕೆಂಪು. ವಾರವಿಡೀ ಹಳದಿಯೇ ಇತ್ತು. ಸಂಬಂಧಪಟ್ಟವರು ನಿಯಮ ಮೀರದೆ ಗಮನಿಸಿದರು.

ರಸ್ತೆಯಲ್ಲಿ ಮೊಣಕಾಲುದ್ದ ನೀರಿದ್ದ ಅದೇ ಹೊತ್ತಿನಲ್ಲಿ ನಳ್ಳಿಯಲ್ಲಿ ಗಾಳಿ ಬರುತ್ತಿತ್ತು ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆಯ ಕಿಂಡಿ ಅಣೆಕಟ್ಟಿನಿಂದ. 2019ರಲ್ಲಿಯೂ 2023ರಲ್ಲಿಯೂ ಬೇಸಿಗೆಯಲ್ಲಿ ನದಿ ಸೊರಗಿ, ನೀರನ್ನು ಪಾಳಿಯ ಮೇಲೆ ಬಿಡಬೇಕಾಗಿ ಬಂದಿತ್ತು. ಅಣೆಕಟ್ಟು ತುಂಬಬೇಕಾದರೆ ಮಳೆ ಘಟ್ಟದ ಬುಡದಲ್ಲಿ ಬರಬೇಕು. ನಗರದ ಡಾಂಬರಿನ ಮೇಲೆ ಬಿದ್ದ ನೀರಿಗೆ ಸಮುದ್ರದ ದಾರಿ ಮಾತ್ರ ಗೊತ್ತು. ಹೀಗೆ ನೀರು ನಿಲ್ಲುವ ಊರು, ನೀರು ಇಲ್ಲದ ಊರು ಎರಡೂ ಒಂದೇ ಆಗಿರುವ ಸೌಭಾಗ್ಯ ನಮ್ಮದು.

ಸಿಡಿಲಿನ ಮುನ್ಸೂಚನೆಗೆ ಮೊಬೈಲಿನಲ್ಲಿ ‘ದಾಮಿನಿ’ ಎಂಬ ಆ್ಯಪ್ ಇದೆ, ಒಳ್ಳೆಯ ಕೆಲಸ. ಕಷ್ಟವೇನೆಂದರೆ, ಸುಳ್ಯದಲ್ಲಿ ಗುಡುಗಿದರೆ ನಮ್ಮಲ್ಲಿ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಟವರ್ ಹೋಗುತ್ತದೆ. ಟವರ್ ಹೋದ ಮೇಲೆ ದಾಮಿನಿ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ, ಸುಡುಬಿಸಿಲಿನಲ್ಲಿ, ‘ನಿಮ್ಮ ಸಮೀಪದಲ್ಲಿ ಸಿಡಿಲು’ ಎಂಬ ಸಂದೇಶ ಬಂದು ತಲುಪಿತು. ಇತಿಹಾಸದ ದೃಷ್ಟಿಯಿಂದ ಅದು ನಿಖರವಾಗಿತ್ತು.

ಗುರುವಾರ ಗದ್ದೆಯಲ್ಲಿ ಹರಕೆಯ ಬಯಲಾಟ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ತನಕ ಯಕ್ಷಗಾನ ಮೇಳಗಳಿಗೆ ಬಿಡುವಿಲ್ಲ, ಮೋಡ ನೋಡಿ ಆಟ ಮುಂದೂಡುವಂತಿಲ್ಲ. ನಡುರಾತ್ರಿಯ ಹೊತ್ತಿಗೆ ಜನರ ನಡುವಿನಿಂದ, ದೊಂದಿಗಳ ಬೆಳಕಿನಲ್ಲಿ ಮಹಿಷಾಸುರ ಅಬ್ಬರಿಸುತ್ತ ಬಂದ. ರಂಗಸ್ಥಳ ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ಮಳೆ ಬಂತು. ದೊಂದಿ ಆರಿತು. ಪ್ರೇಕ್ಷಕರು ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಓಡಿದರು. ಮೂರು ಲೋಕ ಗೆದ್ದವನು ಬಸ್ ತಂಗುದಾಣದಲ್ಲಿ ನನ್ನ ಪಕ್ಕ ಬಂದು ನಿಂತ. ನಾನು ಕೊಡೆ ಬಿಡಿಸಿ ಹಿಡಿದೆ (ತಂಗುದಾಣದ ಮಾಡೂ ಒಂದೆರಡು ಕಡೆ ಸೋರುತ್ತಿತ್ತು), ಕೊಂಬು ಹಿಡಿಸಲಿಲ್ಲ. ಮುಖದ ಬಣ್ಣ ಇಳಿಯುತ್ತಿರುವಾಗ ಅವರು ಕೇಳಿದರು: “ನಾಳೆ ಹೇಗಂತೆ ಮಾರಾಯರೇ?”

“ಹಳದಿಯಂತೆ.”

“ಇವತ್ತು?”

“ಇವತ್ತೂ ಹಳದಿಯೇ ಇತ್ತು.”

ಹಪ್ಪಳದ ವಿಷಯಕ್ಕೆ ಬರುತ್ತೇನೆ. ದೊಡ್ಡಮ್ಮ ಮೊಬೈಲು ನೋಡುವುದಿಲ್ಲ, ಮೂಡಣ ನೋಡುತ್ತಾರೆ. ಶುಕ್ರವಾರ ಮಧ್ಯಾಹ್ನ ಹಣೆಗೆ ಕೈ ಅಡ್ಡ ಹಿಡಿದು ನೋಡಿ, “ಇವತ್ತು ಘಟ್ಟ ಇಳಿಯುವುದಿಲ್ಲ, ಚಾಪೆ ಅಲ್ಲಿಯೇ ಇರಲಿ” ಎಂದರು. ಮೂರೂಮುಕ್ಕಾಲಿಗೆ ಮಳೆ ಘಟ್ಟ ಇಳಿಯಿತು. ನಾನೂ ಅವರೂ ಚಾಪೆ ಎಳೆಯುವಷ್ಟರಲ್ಲಿ ಇನ್ನೂರಕ್ಕೂ ಮಿಕ್ಕಿ ಹಪ್ಪಳ ಪುನಃ ಹಿಟ್ಟಾಗಿದ್ದವು. ಚಾವಡಿಯಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅವರು, “ನನ್ನ ಲೆಕ್ಕ ತಪ್ಪಿತು ಮಾರಾಯ” ಎಂದರು. ಆ ವಾರ ಇಡೀ ಜಿಲ್ಲೆಯಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅವರ ಬಾಯಿಯಿಂದ ಮಾತ್ರ.

ಸೋಮವಾರ ಚರಂಡಿಯ ಬಗ್ಗೆ ಅರ್ಜಿ ಬರೆದು ಕಚೇರಿಗೆ ಹೋದೆ. ಅವರ ಭಾಷೆಯಲ್ಲಿಯೇ ಬರೆಯುವುದು ಮರ್ಯಾದೆ ಎಂದುಕೊಂಡು, ‘ಒಂದೆರಡು ಕಡೆ ಚರಂಡಿ ಕಟ್ಟಿಕೊಂಡಿದ್ದು, ಒಂದೆರಡು ಮನೆಗಳಿಗೆ ನೀರು ನುಗ್ಗುವ ಸಾಧ್ಯತೆ ಇದೆ’ ಎಂದು ಬರೆದಿದ್ದೆ. ಗುಮಾಸ್ತರು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಇದೇನು ಬರೆದಿದ್ದೀರಿ? ಒಂದೆರಡು ಕಡೆ ಎಂದರೆ ಎಲ್ಲಿ? ನಾವು ಹುಡುಕಿಕೊಂಡು ಹೋಗಬೇಕೇ? ವಾರ್ಡ್ ನಂಬರು, ಅಡ್ಡರಸ್ತೆ, ಮನೆ ನಂಬರು, ಎಷ್ಟು ಅಡಿ ಉದ್ದ, ಯಾವ ತಾರೀಕಿನಿಂದ, ಎಲ್ಲ ಬೇಕು. ಫೋಟೊ ಎರಡು ಪ್ರತಿ.”

ಹೊರಗೆ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಬರೆದೆ. ಅಡಿ ಗೊತ್ತಿರಲಿಲ್ಲ, ಮನೆಗೆ ಹೋಗಿ ಟೇಪು ಹಿಡಿದು ಅಳೆದು ತಂದೆ. ಅರವತ್ತೆರಡು ಅಡಿ, ಏಳು ಇಂಚು. ಅವರು ಮೊಹರು ಒತ್ತಿ ಸ್ವೀಕೃತಿ ಕೊಟ್ಟರು.

“ಕೆಲಸ ಯಾವಾಗ ಆದೀತು ಸ್ವಾಮಿ?”

“ಒಂದೆರಡು ದಿನಗಳಲ್ಲಿ.”

ಮೇಳಗಳು ನಾಳೆ ಗೆಜ್ಜೆ ಬಿಚ್ಚುತ್ತವೆ.