ಅಪ್ಪನ ಹೆಸರು ಹಿಡಿದು ಕೂಗುವವರು

ಹಳೇ ಮೈಸೂರು ಕಡೆಯವರಲ್ಲಿ ತುಂಬಾ ಜನಕ್ಕೆ ಸರ್‌ನೇಮ್ ಅನ್ನೋದು ಇರುವುದಿಲ್ಲ. ಇನಿಷಿಯಲ್ ಇರುತ್ತದೆ. ಊರಿನದ್ದೊಂದು, ಅಪ್ಪನದ್ದೊಂದು, ಆಮೇಲೆ ನಮ್ಮ ಹೆಸರು. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಅಂದರೆ ಮೋಕ್ಷಗುಂಡಂ, ಅದು ಊರು. ಎಸ್.ಎಂ. ಕೃಷ್ಣ ಅಂದರೆ ಸೋಮನಹಳ್ಳಿ ಮಲ್ಲಯ್ಯನವರ ಮಗ ಕೃಷ್ಣ. ಅಣೆಕಟ್ಟು ಕಟ್ಟುವುದಕ್ಕೂ, ಮುಖ್ಯಮಂತ್ರಿ ಆಗುವುದಕ್ಕೂ ಇಷ್ಟು ಸಾಕಾಯಿತು. ನನಗೆ ಅಮೆರಿಕದಲ್ಲಿ ಒಂದು ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಸಾಕಾಗಲಿಲ್ಲ.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಬೆಂಗಳೂರಿನಲ್ಲಿ ನನ್ನ ಅರ್ಜಿ ತುಂಬಿಸಿಕೊಟ್ಟ ಏಜೆಂಟು, ‘ಸರ್‌ನೇಮ್ ಖಾಲಿ ಬಿಡಿ ಸಾರ್, ಏನೂ ಆಗಲ್ಲ’ ಅಂದಿದ್ದರು. ನಿಜ, ಇಂಡಿಯಾದಲ್ಲಿ ಏನೂ ಆಗಲಿಲ್ಲ. ಆದರೆ ಅಮೆರಿಕದ ವೀಸಾದಲ್ಲಿ ಆ ಜಾಗ ಖಾಲಿ ಇರುವಂತಿಲ್ಲ. ನನ್ನ ಹೆಸರನ್ನೇ ಎತ್ತಿ ಸರ್‌ನೇಮ್ ಜಾಗಕ್ಕೆ ಕೂರಿಸಿದರು. ಖಾಲಿಯಾದ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚು ಹಾಕಿದರು. ಫಸ್ಟ್ ನೇಮ್ ಅನ್‌ನೋನ್. ನಾಮಕರಣಕ್ಕೆ ಊರಿಗೆಲ್ಲಾ ಊಟ ಹಾಕಿಸಿದ ಅಪ್ಪನಿಗೆ ಇದನ್ನು ಹೇಗೆ ಹೇಳುವುದು?

ಅಲ್ಲಿಂದ ಮುಂದೆ ನಾನು ‘ಫ್ನೂ’. ಲೈಸೆನ್ಸಿನಲ್ಲಿ, ಬ್ಯಾಂಕ್ ಕಾರ್ಡಿನಲ್ಲಿ, ಆಫೀಸಿನ ಬ್ಯಾಡ್ಜಿನಲ್ಲಿ. ಮ್ಯಾನೇಜರ್ ಮೊದಲ ದಿನವೇ ‘ವೆಲ್‌ಕಮ್, ಫ್ನೂ’ ಅಂತ ಕೈ ಕುಲುಕಿದರು. ಆ ಆಫೀಸಿನಲ್ಲಿ ಇನ್ನೂ ಇಬ್ಬರು ಫ್ನೂಗಳಿದ್ದರು. ಒಬ್ಬರು ಸೇಲಂ ಕಡೆಯವರು, ಇನ್ನೊಬ್ಬರು ಜಕಾರ್ತಾದವರು. ಜಕಾರ್ತಾ ಫ್ನೂ ಹಲ್ಲು ಕೀಳಿಸಿಕೊಳ್ಳಬೇಕು ಅಂತ ನನಗೆ ಫೋನ್ ಬರುತ್ತಿತ್ತು. ನಾವು ಮೂವರೂ ಒಟ್ಟಿಗೆ ಕಾಫಿಗೆ ಹೋಗಿ ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಹಂಚಿಕೊಳ್ಳುತ್ತಿದ್ದೆವು.

ಹೀಗೇ ನಡೆದುಹೋಗುತ್ತಿತ್ತೇನೋ. 2022ರ ನವೆಂಬರಿನಲ್ಲಿ ದುಬೈ ಕಡೆಯಿಂದ ಹೊಸ ಸುದ್ದಿ ಬಂತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಪ್ರವಾಸಿ ವೀಸಾ ಇಲ್ಲ ಅಂತ. ಅಕ್ಕ ಇರುವುದು ದುಬೈನಲ್ಲಿ. ಊರಿಗೆ ಹೋಗುವಾಗ ಅಲ್ಲಿ ಇಳಿದು ಹೋಗದಿದ್ದರೆ ಅವಳು ಮಾತು ಬಿಡುತ್ತಾಳೆ. ಸರಿ, ಬದಲಾಯಿಸೇಬಿಡೋಣ ಅಂತ ಶುರು ಮಾಡಿದೆ. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೂ ನಡೆಯುತ್ತದೆ ಅಂತ ಆಮೇಲೆ ಸಡಿಲ ಮಾಡಿದರಂತೆ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಯಾವ ಸರ್‌ನೇಮ್ ಅನ್ನುವ ಚರ್ಚೆ ಜೋರಾಗಿ ಹತ್ತಿಕೊಂಡಿತ್ತು.

ನನ್ನ ಹೆಂಡತಿ ಗದಗಿನವಳು. ‘ನಿಮ್ಮ ಕಡೆ ಮಂದಿಗೆ ಅಡ್ಡಹೆಸರಾ ಇಲ್ಲೇನ್ರಿ?’ ಅಂತ ಮದುವೆಯಾದಾಗಿನಿಂದ ಆಡಿಕೊಳ್ಳುತ್ತಾಳೆ. ಅವರ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಅಂತ ಇಡೀ ಸಂತೆಯೇ ಇದೆ. ಅವಳದ್ದೂ ಅಂಥದ್ದೇ ಒಂದು. ಯಾವುದು ಅಂತ ಇಲ್ಲಿ ಬರೆದರೆ ನನಗೆ ರಾತ್ರಿ ಊಟ ಇಲ್ಲ. ‘ನಂದ ತಗೊಂಬಿಡ್ರಿ’ ಅಂದಳು. ಊರಿನ ಹೆಸರು ಇಟ್ಟುಕೊಳ್ಳೋಣ ಅಂದರೆ ನಮ್ಮದು ಹುಲಿಯೂರುದುರ್ಗ, ಇಂಗ್ಲಿಷಿನಲ್ಲಿ 12 ಅಕ್ಷರ. ಕಸ್ಟಮರ್ ಕೇರ್‌ನವರಿಗೆ ಅದನ್ನು ಒಂದೊಂದೇ ಅಕ್ಷರ ಹೇಳಿ ಮುಗಿಸುವಷ್ಟರಲ್ಲಿ ಲೈನ್ ಕಟ್ ಆಗುವುದು ಗ್ಯಾರಂಟಿ. ಕೊನೆಗೆ ಅಪ್ಪನ ಹೆಸರೇ ಸರಿ ಅಂತಾಯಿತು.

ಬೇಕಾದ ಕಾಗದಗಳ ಪಟ್ಟಿಯಲ್ಲಿ ಎರಡು ದೊಡ್ಡವು. ಒಂದು ನೋಟರಿ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್. ಇನ್ನೊಂದು ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಒಂದು ಇಲ್ಲಿಯದು, ಒಂದು ಊರಿನದು.

ಬ್ಯಾಂಕಿನಲ್ಲಿ ಕೂರುವ ನೋಟರಿ ವಯಸ್ಸಾದ ಹೆಂಗಸು. ಅಫಿಡವಿಟ್ಟನ್ನು ನಿಧಾನವಾಗಿ ಓದಿದರು. ಲೈಸೆನ್ಸ್ ನೋಡಿದರು. ಮತ್ತೆ ಓದಿದರು. ‘ಸಹಿ ಯಾವ ಹೆಸರಲ್ಲಿ ಹಾಕ್ತೀರಿ?’ ಅಂದರು. ಹಳೆಯದರಲ್ಲಿ ಅಂದೆ. ‘ಆ ಹೆಸರು ಇನ್ನು ಬಳಸುವುದಿಲ್ಲ ಅಂತ ಮೇಲೆ ನೀವೇ ಬರೆದಿದ್ದೀರಲ್ಲ?’ ಹಾಗಾದರೆ ಹೊಸದರಲ್ಲಿ ಅಂದೆ. ‘ಆ ಹೆಸರಿನ ಗುರುತಿನ ಚೀಟಿ ಕೊಡಿ.’ ಅದಕ್ಕೇ ಅಲ್ವಾ ತಾಯಿ ನಾನು ಇಲ್ಲಿಗೆ ಬಂದಿರುವುದು! ಕೊನೆಗೆ ಹಳೆಯದರಲ್ಲೇ ಹಾಕಿಸಿಕೊಂಡು, ಠಸ್ಸೆ ಒತ್ತುವ ಮೊದಲು ಕನ್ನಡಕದ ಮೇಲಿಂದ ನೋಡಿ, ‘ಗುಡ್ ಲಕ್, ಫ್ನೂ’ ಅಂದರು.

ಇಲ್ಲಿಯ ಪತ್ರಿಕೆಯಲ್ಲಿ ಜಾಹೀರಾತು ಬಂದದ್ದು ಹುಲ್ಲು ಕತ್ತರಿಸುವ ಹಳೇ ಮಿಷನ್ನಿನ ಪಕ್ಕದಲ್ಲಿ. ಯಾರೂ ಓದಲಿಲ್ಲ. ಊರಿನದ್ದು ಹಾಗಲ್ಲ. ಕಳೆದುಹೋದ ಮಾರ್ಕ್ಸ್ ಕಾರ್ಡಿಗೂ ಒಬ್ಬರ ವೈಕುಂಠ ಸಮಾರಾಧನೆಗೂ ನಡುವೆ ಬಂತು. ‘ಇಂಥವರ ಮಗನಾದ ನಾನು ಇನ್ನು ಮುಂದೆ ಎಲ್ಲಾ ವ್ಯವಹಾರಗಳಲ್ಲೂ ಈ ಹೆಸರಿನಿಂದಲೇ ಗುರುತಿಸಲ್ಪಡುತ್ತೇನೆ’ ಅಂತ. ಚಿಕ್ಕಪ್ಪ ನಮಗೆ ನಡುರಾತ್ರಿ ಅನ್ನುವುದನ್ನೂ ನೋಡದೆ ಫೋನ್ ಮಾಡಿದರು. ಸಮಾರಾಧನೆಯ ಫೋಟೋ ಮೇಲೆ, ನನ್ನ ಹೆಸರು ಕೆಳಗೆ, ಎದೆ ಧಸಕ್ ಅಂದಿತ್ತಂತೆ. ನಾನೇ ಫೋನ್ ಎತ್ತಿದ್ದು ನೋಡಿ ಧೈರ್ಯ ಬಂದು ಬೈಯಲು ಶುರು ಮಾಡಿದರು. ಸೋದರತ್ತೆಗೆ ಬೇರೆ ಅನುಮಾನ. ಸಾಲ ಜಾಸ್ತಿಯಾಗಿ ಹೆಸರು ಬದಲಾಯಿಸಿಕೊಂಡು ತಲೆ ಮರೆಸಿಕೊಂಡಿದ್ದಾನಾ ಅಂತ. ಪಕ್ಕದ ಮನೆಯವರು ಮಾತ್ರ ಸಂಖ್ಯಾಶಾಸ್ತ್ರ ಯಾರ ಹತ್ತಿರ ಕೇಳಿದ್ದು ಅಂತ ವಿಳಾಸ ತೆಗೆದುಕೊಂಡು ಹೋದರಂತೆ. ಅಮ್ಮ ಯಾರ ವಿಳಾಸ ಕೊಟ್ಟಳೋ ಗೊತ್ತಿಲ್ಲ.

ಆ ಪತ್ರಿಕೆಯ ಮೂಲ ಪ್ರತಿಯೇ ಬೇಕಿತ್ತು. ಮನೆಯಲ್ಲಿದ್ದ ಪ್ರತಿಯನ್ನು ಅಮ್ಮ ಬಜ್ಜಿಯ ಎಣ್ಣೆ ಇಳಿಯಲು ತಟ್ಟೆಗೆ ಹಾಸಿದ್ದಳು. ಭಾವ ಊರೆಲ್ಲಾ ಸುತ್ತಿದರೂ ಇನ್ನೊಂದು ಸಿಗಲಿಲ್ಲ. ಅದನ್ನೇ ಬಿಸಿಲಿಗೆ ಒಣಗಿಸಿ ಕೊರಿಯರ್ ಮಾಡಿದರು. ಅರ್ಜಿ ತೆಗೆದುಕೊಳ್ಳುವ ಕೌಂಟರಿನ ಹುಡುಗ ಅದನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದ. ಬಾಳೆಕಾಯಿ ಬಜ್ಜಿಯಷ್ಟೇ ಅಗಲದ ಒಂದು ಕಿಟಕಿ. ಅದರಲ್ಲಿ ಅಪ್ಪನ ಹೆಸರು ಮುಂದಿನಿಂದಲೂ ಹಿಂದಿನಿಂದಲೂ ಚೆನ್ನಾಗಿ ಕಾಣುತ್ತಿತ್ತು. ಮೂಸಿ ನೋಡಿದ. ಆಂಧ್ರದವನಿರಬೇಕು, ಏನೂ ಕೇಳದೆ ಫೈಲಿಗೆ ಸೇರಿಸಿದ.

ಹೊಸ ಪಾಸ್‌ಪೋರ್ಟ್ ಬಂತು. ಮೂಲೆ ಕತ್ತರಿಸಿದ ಹಳೆಯದೂ ಜೊತೆಗೆ ಬಂತು. ವೀಸಾ ಅದರಲ್ಲೇ ಇರುವುದರಿಂದ ಎರಡನ್ನೂ ಹಿಡಿದು ಓಡಾಡಬೇಕು. ವೀಸಾದಲ್ಲಿ ಫ್ನೂ ಇನ್ನೂ ಬದುಕಿದ್ದಾನೆ. ಆಮೇಲೆ ಸೋಷಿಯಲ್ ಸೆಕ್ಯುರಿಟಿ, ಲೈಸೆನ್ಸ್, ಬ್ಯಾಂಕು. ಒಬ್ಬರು ಇನ್ನೊಬ್ಬರ ಕಾಗದ ತನ್ನಿ ಅನ್ನುತ್ತಾರೆ. ಆ ಪುರಾಣ ಬೇಡ.

ಹೇಳಬೇಕಾದದ್ದು ಕ್ಲಿನಿಕ್ಕಿನ ವಿಷಯ. ಅಮ್ಮ ಅಪ್ಪನ ಹೆಸರನ್ನು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಗಂಡನ ಹೆಸರೇನಮ್ಮ ಅಂದರೆ ನನ್ನನ್ನು ಮುಂದೆ ತಳ್ಳಿ, ‘ಇವರಪ್ಪ’ ಅನ್ನುತ್ತಿದ್ದಳು. ಅವಳು ನಮ್ಮ ಮನೆಗೆ ಬಂದಾಗ ನನ್ನ ಜೊತೆ ಕ್ಲಿನಿಕ್ಕಿಗೆ ಬಂದಿದ್ದಳು. ಬಾಗಿಲು ತೆಗೆದು ನರ್ಸ್ ಹುಡುಗಿ ಅಪ್ಪನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು. ನಾನು ಏಳಲಿಲ್ಲ. ಅಭ್ಯಾಸ ಇಲ್ಲ ನೋಡಿ. ಅಮ್ಮ ದಿಗ್ಗನೆ ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ಹುಡುಗಿ ಮತ್ತೆ ಕೂಗಿದಳು. ‘ಎಷ್ಟು ಧೈರ್ಯ ಇವಳಿಗೆ’ ಅಂತ ಅಮ್ಮ ಗೊಣಗಿದಳು. ಮನೆಗೆ ಬಂದು ಅಪ್ಪನಿಗೆ ಫೋನಿನಲ್ಲಿ ಚಾಡಿ ಹೇಳಿದಳು. ಅಪ್ಪನಿಗೆ ಖುಷಿಯೋ ಖುಷಿ. ‘ಸರಿಯಾಗಿ ಕೂಗಿದಳೇನೋ?’ ಅಂತ ನನ್ನನ್ನು ಕೇಳಿದರು.

ಈಗ ಉಳಿದಿರುವುದು ಒಂದೇ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಅಂತ ಇರುವುದು ನನ್ನ ಹಳೇ ಒಂಟಿ ಹೆಸರು. ಅದನ್ನೂ ಬದಲಾಯಿಸಿಬಿಡೋಣ, ಹೇಗೂ ದಾರಿ ಗೊತ್ತಾಗಿದೆ ಅಂದೆ. ಅವಳು ಪಾಸ್‌ಪೋರ್ಟ್ ತಿರುವಿ ತಾರೀಖು ನೋಡಿದಳು.

‘ನಂದು 2029ರ ತನಕಾ ನಡೀತದ. ಅಲ್ಲೀತನಕಾ ಅವನ ಇರ್ಲಿ ಬಿಡ್ರಿ.’